“ಇದು ನಮ್ಮ ಕೇಕಾ, ಅವರ ಕೇಕಾ?”: ಮನೆಯಲ್ಲೇ ಬೇಕಿಂಗ್ ಉದ್ಯಮ ನಡೆಸುವವರೊಬ್ಬರ ಆಪ್ತಸಲಹೆ ಪ್ರಕರಣ

ನಿದ್ರೆ ಬರುತ್ತಿಲ್ಲ ಎಂದು ಹೇಳಿಕೊಂಡು ಅವರು ನನ್ನ ಬಳಿ ಬಂದರು. ವಯಸ್ಸು ನಲವತ್ತರ ಹತ್ತಿರ. ಮನೆಯಲ್ಲಿ ಗಂಡ, ಹತ್ತು ವರ್ಷದ ಮಗಳು ಮತ್ತು ಗಂಡನ ತಾಯಿ. ಮೂರು ವರ್ಷಗಳಿಂದ ತಮ್ಮ ಅಡುಗೆಮನೆಯಲ್ಲೇ ಕೇಕು, ಬ್ರೆಡ್ಡು, ಬಿಸ್ಕತ್ತುಗಳನ್ನು ಮಾಡಿ ಸುತ್ತಮುತ್ತಲಿನವರಿಗೆ ಮಾರುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಇದೇ ದಾರಿಯಲ್ಲಿರುವ ಇನ್ನೂ ಹಲವರು ಇತ್ತೀಚೆಗೆ ನನ್ನ ಮುಂದೆ ಕುಳಿತು ಹೆಚ್ಚು ಕಡಿಮೆ ಇದೇ ಮಾತುಗಳನ್ನು ಆಡಿದ್ದರಿಂದ, ಒಂದು ಪ್ರಕರಣವನ್ನಾದರೂ ವಿವರವಾಗಿ ದಾಖಲಿಸಬೇಕೆನಿಸಿತು.

ಮೊದಲ ದಿನ ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಮಾತನಾಡಿದರು. ಬಲ ಮುಂಗೈಯಲ್ಲಿ ಮೂರು ಸುಟ್ಟ ಗೆರೆಗಳು ಒಂದರ ಪಕ್ಕ ಒಂದಿದ್ದವು. ಓವನ್ನಿನ ಕಂಬಿಯ ಅಂಚು ತಾಗಿ ಆದ ಗಾಯಗಳು. ಎರಡು ಕಪ್ಪಾಗಿ ಒಣಗಿದ್ದವು, ಒಂದು ಇನ್ನೂ ಕೆಂಪಗಿತ್ತು. ಇವು ಯಾವಾಗ ಆದವು ಎಂದು ಕೇಳಿದೆ. “ಇದು ರಾತ್ರಿ ಒಂದು ಗಂಟೆಯದು, ಇದು ಎರಡು ಗಂಟೆಯದು, ಇದು ಬೆಳಗಿನ ಜಾವದ್ದು” ಎಂದರು. ನಾನು ದಿನ ಕೇಳಿದ್ದೆ, ಅವರು ಗಂಟೆ ಹೇಳಿದ್ದರು.

ಮನೆಯವರೆಲ್ಲ ಊಟ ಮುಗಿಸಿದ ಮೇಲಷ್ಟೇ ಅಡುಗೆಮನೆ ಅವರ ಪಾಲಿಗೆ ಬಿಡುವಾಗುತ್ತಿತ್ತು. ಹೀಗಾಗಿ ದುಡಿಮೆಯೆಲ್ಲ ರಾತ್ರಿಗೆ ಸರಿದಿತ್ತು. ಹಗಲು ಮನೆಗೆಲಸದ ನಡುವೆ ಫೋನಿನಲ್ಲಿ ಬರುವ ಸಂದೇಶಗಳಿಗೆ ಉತ್ತರಿಸುವುದು, ಸಾಮಾನು ತರುವುದು, ತಯಾರಾದದ್ದನ್ನು ತಲುಪಿಸುವುದು. ಆರಂಭದಲ್ಲಿ ಹೀಗಿರಲಿಲ್ಲ. ಯಾರದೋ ಹುಟ್ಟುಹಬ್ಬಕ್ಕೆಂದು ಪ್ರೀತಿಯಿಂದ ಮಾಡಿಕೊಟ್ಟ ಕೇಕನ್ನು ತಿಂದವರು ನಮಗೂ ಒಂದು ಮಾಡಿಕೊಡಿ ಎಂದರು, ಸಾಮಾನಿನ ಖರ್ಚಾದರೂ ತೆಗೆದುಕೊಳ್ಳಿ ಎಂದು ಒತ್ತಾಯಿಸಿದರು, ಆ ಒತ್ತಾಯದ ಹಣವೇ ನಿಧಾನವಾಗಿ ದರವಾಯಿತು. ಉಡುಗೊರೆ ಯಾವತ್ತು ವ್ಯಾಪಾರವಾಯಿತು ಎಂದು ಕೇಳಿದರೆ ಅವರಿಗೆ ಹೇಳಲಾಗಲಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲೇ ಎಂದು ನನಗೆ ಆಗಲೇ ಅನ್ನಿಸಿತ್ತು.

ಎರಡು ಘಟನೆಗಳು ಅವರನ್ನು ನನ್ನವರೆಗೆ ಕರೆತಂದಿದ್ದವು. ಮೊದಲನೆಯದು, ಅಲರ್ಜಿಯದು. ಗ್ರಾಹಕರೊಬ್ಬರು ಮಗುವಿಗೆ ಬಾದಾಮಿ, ಗೋಡಂಬಿಯಂಥ ಬೀಜಗಳು ಆಗುವುದಿಲ್ಲ, ಅವಿಲ್ಲದ ಕೇಕ್ ಬೇಕು ಎಂದಿದ್ದರು. ಇವರು ಹಿಟ್ಟಿಗೆ ಬೀಜ ಹಾಕಿರಲಿಲ್ಲ, ನಿಜ. ಆದರೆ ಹಿಂದಿನ ರಾತ್ರಿ ಬಾದಾಮಿ ಪುಡಿ ಮಾಡಿದ ಜಾರನ್ನು ಬಟ್ಟೆಯಲ್ಲಿ ಒರೆಸಿ ಅದರಲ್ಲೇ ಸಕ್ಕರೆ ಪುಡಿ ಮಾಡಿದ್ದರು. ಮಗುವಿಗೆ ಮೈಯೆಲ್ಲ ದದ್ದು ಎದ್ದಿತು. ವೈದ್ಯರ ಚಿಕಿತ್ಸೆಯಿಂದ ಅದೇ ದಿನ ಗುಣವಾಯಿತಾದರೂ, ಅಂದಿನಿಂದ ಇವರ ನಿದ್ರೆ ಹಾರಿಹೋಯಿತು.

ಎರಡನೆಯದನ್ನು ಅವರು ಮೂರನೆಯ ಭೇಟಿಯವರೆಗೆ ಹೇಳಿರಲಿಲ್ಲ. ಒಂದು ಸಂಜೆ ಓವನ್ನಿನಿಂದ ಕೇಕಿನ ಪರಿಮಳ ಬರುತ್ತಿದ್ದಂತೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಾ, ಇದು ನಮ್ಮ ಕೇಕಾ, ಅವರ ಕೇಕಾ?” ಎಂದು ಕೇಳಿದಳು. ಅವರದು ಎಂದು ಗೊತ್ತಾದೊಡನೆ ಏನೂ ಹೇಳದೆ ಹಿಂತಿರುಗಿದಳು. ಅವಳು ಹಟ ಮಾಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ತಾಯಿ ಅತ್ತರು.

ಸಮಾಲೋಚನೆಗಿಂತ ಮೊದಲು ಆಗಬೇಕಾದ ಕೆಲಸಗಳಿದ್ದವು. ರಾತ್ರಿ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಜೋಮು ಹಿಡಿಯುತ್ತವೆ, ಕೈ ಕೊಡವಿದರೆ ಸ್ವಲ್ಪ ಹೊತ್ತು ಸರಿಯಾಗುತ್ತದೆ ಎಂದು ಅವರು ಮಾತಿನ ನಡುವೆ ಹೇಳಿದ್ದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಹೀಗಾಗುವುದುಂಟು. ಗಂಟೆಗಟ್ಟಲೆ ಹಿಟ್ಟು ನಾದುವವರು, ಐಸಿಂಗ್ ಚೀಲ ಹಿಂಡುವವರು ಇದನ್ನು ದಣಿವೆಂದು ತಳ್ಳಿಹಾಕಬಾರದು. ವೈದ್ಯರನ್ನು ಕಾಣುವಂತೆ ಹೇಳಿ ಕಳುಹಿಸಿದೆ. ಖಿನ್ನತೆಯ ಲಕ್ಷಣಗಳನ್ನೂ, ಬದುಕು ಬೇಡವೆಂಬ ಯೋಚನೆಗಳಿವೆಯೇ ಎಂಬುದನ್ನೂ ನೇರವಾಗಿಯೇ ಕೇಳಿದೆ, ಅಂಥ ಯೋಚನೆಗಳಿರಲಿಲ್ಲ. “ಹಾಗಾದರೆ ನನಗಿರುವುದು ಕಾಯಿಲೆಯೇ?” ಎಂದು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕಾರಗೊಂಡ ತನ್ನ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬ ಸ್ಥಿತಿಯನ್ನು ಕಾಯಿಲೆ ಎನ್ನದೆ, ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದಿದೆ. ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದ ಮೇಲೇ ಮನಸ್ಸು ಮುರಿಯುವುದು, ತನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲ ಎನ್ನಿಸುವುದು, ಇವು ಅದರ ಮೂರು ಮುಖಗಳು. ಮೂರೂ ಅವರಲ್ಲಿದ್ದವು. ದುಡಿಮೆಯ ರೀತಿಯಿಂದ ಬಂದದ್ದನ್ನು ದುಡಿಮೆಯ ರೀತಿಯಲ್ಲೇ ಸರಿಪಡಿಸಬೇಕು, ಬರಿಯ ಧೈರ್ಯದ ಮಾತಿನಿಂದ ಆಗದು ಎಂದು ತಿಳಿಸಿದೆ.

ಮುಂದಿನ ಭೇಟಿಗೆ ಆರ್ಡರ್ ಪುಸ್ತಕ ತರಲು ಹೇಳಿದ್ದೆ. ದಿನಾಂಕ, ಹೆಸರು, ಕೇಕಿನ ಬಗೆ, ಮೇಲೆ ಬರೆಯಬೇಕಾದ ಅಕ್ಷರಗಳು, ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿದ್ದವು. ದರಕ್ಕೆ ಮಾತ್ರ ಅಂಕಣವಿರಲಿಲ್ಲ. ಕೆಲವು ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಮೊತ್ತ ಬರೆದು, ಅಳಿಸಿ, ಕಡಿಮೆ ಮೊತ್ತ ಬರೆದಿತ್ತು. ಒಂದೇ ಕೇಕಿಗೆ ಗೆಳತಿಗೊಂದು ದರ, ಗಂಡನ ಸಹೋದ್ಯೋಗಿಗೊಂದು ದರ, ಅಪರಿಚಿತರಿಗೆ ಇನ್ನೊಂದು. ಮುಖ ನೋಡಿ ಮಣೆ ಹಾಕುತ್ತಿದ್ದರು. ಆದರೆ ಹಾಗೆ ಹಾಕಿದ ಮಣೆಗಳಲ್ಲಿ ತಮಗೆ ಮಾತ್ರ ಒಂದೂ ಇರಲಿಲ್ಲ.

ಅವರಿಗೆ ಲೆಕ್ಕ ಬಾರದೆ ಹೀಗಾಗಿರಲಿಲ್ಲ, ದಾಕ್ಷಿಣ್ಯದಿಂದ ಹೀಗಾಗಿತ್ತು. ಪ್ರೀತಿಯಿಂದ ಶುರುವಾದದ್ದಕ್ಕೆ ಪೂರ್ತಿ ಬೆಲೆ ಕೇಳಿದರೆ ಪ್ರೀತಿಯೇ ಸುಳ್ಳಾದೀತೆಂಬ ಭಯ ಅವರಲ್ಲಿ ಆಳವಾಗಿತ್ತು. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ವಂತ ಮನೆಯವರಿಗೆ ಅಡುಗೆ ಮಾಡಿ ಬಡಿಸುವುದಕ್ಕೆ ಸಾಮಾನ್ಯವಾಗಿ ಯಾರೂ ಕೂಲಿ ಕೊಡುವುದಿಲ್ಲ. ಅದೇ ಒಲೆ, ಅದೇ ಪಾತ್ರೆ, ಅದೇ ಕೈ ಇರುವಾಗ ಇವತ್ತಿನಿಂದ ಇದಕ್ಕೆ ಬೆಲೆಯಿದೆ ಎಂದು ಮನಸ್ಸಿಗೆ ಒಪ್ಪಿಸುವುದು ನಿಜಕ್ಕೂ ಕಷ್ಟ. ಆದ್ದರಿಂದ ದರ ಹೆಚ್ಚಿಸಿ ಎಂದು ನಾನು ಹೇಳಲಿಲ್ಲ. ಒಂದು ವಾರ ಪ್ರತಿ ಕೇಕಿಗೂ ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ ಎಂದಷ್ಟೇ ಹೇಳಿದೆ.

ಐಸಿಂಗ್ ಇರುವ ಒಂದು ಕೇಕಿಗೆ ಒಂದೂವರೆ ಗಂಟೆ ಸಾಕೆಂದು ಅವರು ನಂಬಿದ್ದರು. ಲೆಕ್ಕ ನಾಲ್ಕೂವರೆ ಗಂಟೆಗೆ ನಿಂತಿತು. ಬೇಯುವ ಮತ್ತು ಆರುವ ಸಮಯದಲ್ಲಿ ಬೇರೆ ಕೆಲಸ ಮಾಡಿಕೊಂಡದ್ದನ್ನು ಕಳೆದ ಮೇಲೂ ಇಷ್ಟು. ಬಣ್ಣ, ಅಕ್ಷರ, ತಲುಪಿಸುವ ವೇಳೆಯ ಬಗ್ಗೆ ಗ್ರಾಹಕರೊಂದಿಗೆ ನಡೆದ ಸಂದೇಶಗಳೇ ಐವತ್ತು ನಿಮಿಷ ನುಂಗಿದ್ದವು. ಆಮೇಲೆ ಕೇಳಿದೆ: “ನಿಮ್ಮ ಕೈಕೆಳಗೆ ಇದೇ ಕೆಲಸ ಬಲ್ಲ ಹುಡುಗಿಯೊಬ್ಬಳನ್ನು ಇಟ್ಟುಕೊಂಡರೆ ಗಂಟೆಗೆ ಎಷ್ಟು ಕೊಡುತ್ತೀರಿ?” ತಡಮಾಡದೆ ಒಂದು ನ್ಯಾಯವಾದ ಮೊತ್ತ ಹೇಳಿದರು. ಅದನ್ನು ನಾಲ್ಕೂವರೆಯಿಂದ ಗುಣಿಸಿ, ಸಾಮಾನು, ಇಂಧನ, ಪೆಟ್ಟಿಗೆ, ಕೆಟ್ಟುಹೋಗುವ ಕೇಕುಗಳ ಪಾಲು ಮತ್ತು ಓವನ್ನಿನ ಸವೆತವನ್ನು ಅವರೇ ಕೂಡಿಸಿದರು. ಬಂದ ಮೊತ್ತ ಅವರು ಪಡೆಯುತ್ತಿದ್ದುದರ ಎರಡರಷ್ಟನ್ನು ಮೀರಿತ್ತು. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿ ಕಂಡಿತು. ಎಂಟು ಇಂಚಿನ ಕೇಕನ್ನು ಹತ್ತು ಇಂಚಿಗೆ ಹಿಗ್ಗಿಸಿ ಕೇಳಿದವರಿಂದ ಕಾಲು ಭಾಗ ಹೆಚ್ಚು ಹಣ ಪಡೆಯುತ್ತಿದ್ದರು. ಅಡ್ಡಳತೆ ಕಾಲು ಭಾಗ ಹೆಚ್ಚಿದರೆ ವೃತ್ತದ ವಿಸ್ತೀರ್ಣ ಅಷ್ಟೇ ಹೆಚ್ಚುವುದಿಲ್ಲ. ಎಂಟರ ವರ್ಗ 64, ಹತ್ತರ ವರ್ಗ 100, ಅಂದರೆ ಅದೇ ಎತ್ತರದ ಕೇಕಿಗೆ ಹಿಟ್ಟು ಸುಮಾರು ಶೇಕಡಾ 56ರಷ್ಟು ಹೆಚ್ಚು ಬೇಕು. ದೊಡ್ಡ ಆರ್ಡರ್ ಬಂದಾಗಲೆಲ್ಲ ಏಕೆ ಕೈ ಖಾಲಿಯಾಗುತ್ತಿತ್ತು ಎಂಬುದಕ್ಕೆ ಇದು ಉತ್ತರ. ಕೇಕುಗಳು ಕುಸಿಯುತ್ತಿದ್ದುದರ ಕಾರಣವೂ ಹೀಗೆಯೇ ಹೊರಬಂತು. ತಮ್ಮ ಕೈಗುಣ ಹೋಯಿತೆಂದು ಅವರು ನಂಬಿದ್ದರು. ಬೇಕಿಂಗ್ ನನ್ನ ವಿಷಯವಲ್ಲ, ಆದರೆ ರಾತ್ರಿಯ ಕೆಲಸವನ್ನು ಹಂತಹಂತವಾಗಿ ಹೇಳಿಸಿದಾಗ, ಸಮಯ ಉಳಿಸಲೆಂದು ಮೂರು ಸರತಿಗೆ ಬೇಕಾದ ಹಿಟ್ಟನ್ನು ಒಟ್ಟಿಗೆ ಕಲಸಿಡುತ್ತಿದ್ದರೆಂದು ತಿಳಿಯಿತು. ಅಡುಗೆ ಸೋಡಾ ಒದ್ದೆಯಾಗಿ ಹುಳಿಯೊಡನೆ ಸೇರಿದ ಕ್ಷಣದಿಂದಲೇ ಅನಿಲ ಬಿಡತೊಡಗುತ್ತದೆ. ಮೂರನೆಯ ಸರತಿ ಓವನ್ನಿಗೆ ಹೋಗುವಷ್ಟರಲ್ಲಿ ಅದರ ಬಲವೇ ಇಂಗಿರುತ್ತದೆ. ಹೇಳುತ್ತ ಹೇಳುತ್ತ ಅವರೇ ಇದನ್ನು ಕಂಡುಕೊಂಡರು. ಕೆಟ್ಟದ್ದು ಕೈಗುಣವಲ್ಲ, ಅವಸರ ಎಂದು ಗೊತ್ತಾದಾಗ ಅವರ ಮುಖದಲ್ಲಿ ಮೊದಲ ಬಾರಿ ನಿರಾಳತೆ ಕಂಡೆ.

ದರ ಹೇಳುವುದನ್ನು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು. ನಾನು ಗ್ರಾಹಕಳಾದೆ. ಮೊತ್ತ ಹೇಳಿದ ಮರುಕ್ಷಣವೇ ಅವರು, “ಆದರೆ ನಿಮಗೆ ಸ್ವಲ್ಪ ಕಡಿಮೆ ಮಾಡೋಣ” ಎಂದುಬಿಟ್ಟರು. ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ದರ ಹೇಳಿ ಸುಮ್ಮನಿರುವುದು ಏಳನೆಯ ಸಲಕ್ಕೆ ಸಾಧ್ಯವಾಯಿತು. ನಾನು ಕೊಟ್ಟ ಸಲಹೆ ಇಷ್ಟು: ಎಲ್ಲರಿಗೂ ಒಂದೇ ದರವಿರಲಿ, ಅದು ಬರಹದಲ್ಲಿರಲಿ; ಅರ್ಧ ಮುಂಗಡ ಬಂದ ಮೇಲಷ್ಟೇ ಆರ್ಡರ್ ಪುಸ್ತಕಕ್ಕೆ ಏರಲಿ; ಯಾರಿಗಾದರೂ ಪ್ರೀತಿಯಿಂದ ಕೊಡಬೇಕೆನಿಸಿದರೆ ಅರ್ಧ ದರಕ್ಕೆ ಕೊಡುವ ಬದಲು ಪೂರ್ತಿ ಉಡುಗೊರೆಯಾಗಿಯೇ ಕೊಡಿ. ಉಡುಗೊರೆ ಉಡುಗೊರೆಯಾಗಿ, ವ್ಯಾಪಾರ ವ್ಯಾಪಾರವಾಗಿ ಉಳಿದರೆ ಎರಡಕ್ಕೂ ಮರ್ಯಾದೆ. ಅರ್ಧ ದರದಲ್ಲಿ ಕೊಡುವವರಿಗೂ ಕಸಿವಿಸಿ, ಪಡೆಯುವವರಿಗೂ ಋಣ.

ಅಲರ್ಜಿಯ ಘಟನೆಯಲ್ಲಿ ನಾನು ಅವರಿಗೆ ಸಮಾಧಾನ ಹೇಳಲು ಹೋಗಲಿಲ್ಲ. ನಿಮ್ಮ ತಪ್ಪೇನೂ ಇಲ್ಲ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು, ಅವರು ನಂಬುತ್ತಲೂ ಇರಲಿಲ್ಲ. ತಪ್ಪು ಮಾಡಿದೆ ಎಂಬ ಅರಿವು ಮನುಷ್ಯನನ್ನು ಸರಿಪಡಿಸುವ ಕಡೆಗೆ ಒಯ್ಯುತ್ತದೆ. ನಾನೇ ಕೆಟ್ಟವಳು ಎಂಬ ಅವಮಾನ ಮೂಲೆಗೆ ಒತ್ತುತ್ತದೆ. ಎರಡನೆಯದರಿಂದ ಮೊದಲನೆಯದಕ್ಕೆ ಬರಲು ಮೂರು ಭೇಟಿಗಳು ಬೇಕಾದವು. ಬೀಜಗಳ ಅಲರ್ಜಿಕಾರಕ ಪ್ರೋಟೀನುಗಳು ಓವನ್ನಿನ ಶಾಖಕ್ಕೆ ನಾಶವಾಗುತ್ತವೆಂದು ನಂಬುವಂತಿಲ್ಲ. ಒರೆಸುವುದು ಸಾಲದು, ಸೋಪು ಹಾಕಿ ನೀರಿನಲ್ಲಿ ತೊಳೆಯಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಅವು ಹೋಗುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಬೀಜ, ಗೋಧಿ, ಹಾಲು, ಮೊಟ್ಟೆ ಎಲ್ಲವನ್ನೂ ಬಳಸುವವರು ಇಲ್ಲಿ ಇವೆಲ್ಲ ಬಳಕೆಯಾಗುತ್ತವೆ, ಅಲರ್ಜಿ ಇರುವವರಿಗೆ ನಾನು ಭರವಸೆ ಕೊಡಲಾರೆ ಎಂದು ಪೆಟ್ಟಿಗೆಯ ಮೇಲೇ ಬರೆಯುವುದು ಪ್ರಾಮಾಣಿಕ ಮಾರ್ಗ. ಕಳೆದುಕೊಳ್ಳುವ ಕೆಲವು ಆರ್ಡರುಗಳಿಗಿಂತ ಅದು ದೊಡ್ಡದು. ಮನೆಯಿಂದ ಆಹಾರ ಮಾರುವುದಕ್ಕೆ ತಮ್ಮ ಊರಿನ ಆಡಳಿತ ಕೇಳುವ ನೋಂದಣಿಯನ್ನು ಅವರು ಮುಂದೂಡುತ್ತ ಬಂದಿದ್ದರು. ಅದನ್ನೂ ಮೊದಲು ಮಾಡಿಸಲು ಹೇಳಿದೆ. ಆ ಮಗುವಿನ ತಾಯಿಗೆ ನಡೆದದ್ದನ್ನು ಮುಚ್ಚಿಡದೆ ಪತ್ರ ಬರೆದರು. ಉತ್ತರ ಬರಲಿಲ್ಲ. ಬರಲೇಬೇಕೆಂದು ಬರೆದದ್ದೂ ಅಲ್ಲ. ಪತ್ರ ಹಾಕಿದ ರಾತ್ರಿ ಐದು ಗಂಟೆ ಮಲಗಿದೆನೆಂದು ಹೇಳಿದರು.

ಒಂದು ಭೇಟಿಗೆ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಇಬ್ಬರೂ ಅವರ ದುಡಿಮೆಯನ್ನು ಮೆಚ್ಚಿದವರೇ. ಆದರೆ ಅದನ್ನು ಇನ್ನೂ ಹವ್ಯಾಸವೆಂದೇ ಕರೆಯುತ್ತಿದ್ದರು. ಕೆಲಸಕ್ಕೆ ನಿಗದಿತ ಹೊತ್ತಿಲ್ಲದಿರುವುದರಿಂದಲೇ ಅದು ಹವ್ಯಾಸದಂತೆ ಕಾಣುತ್ತಿತ್ತು. ವಾರದಲ್ಲಿ ನಾಲ್ಕು ದಿನ ಬೆಳಗಿನ ನಿಗದಿತ ಹೊತ್ತು ಅಡುಗೆಮನೆ ಅವರ ಉದ್ಯಮಕ್ಕೆ, ಆಗ ಮನೆಯ ಅಡುಗೆ ನಡೆಯುವುದಿಲ್ಲ. ಹಿಂದಿನ ರಾತ್ರಿಯೇ ಗಂಡ ಮಾಡಿಡಬೇಕು. ಉದ್ಯಮದ ಪಾತ್ರೆ, ಸಾಮಾನುಗಳಿಗೆ ಬೇರೆ ಕಪಾಟು. ರಾತ್ರಿ ಎಂಟರ ನಂತರ ಸಂದೇಶಗಳಿಗೆ ಉತ್ತರವಿಲ್ಲ. ಓವನ್ನಿನಲ್ಲಿ ಏಕಕಾಲಕ್ಕೆ ಎಷ್ಟು ಹಿಡಿಯುತ್ತದೆ ಎಂಬುದರಿಂದ ವಾರದ ಮಿತಿ ನಿರ್ಧಾರವಾಗಲಿ, ಎಷ್ಟು ಜನ ಕೇಳಿದರು ಎಂಬುದರಿಂದ ಬೇಡ. ಇವಿಷ್ಟನ್ನು ಮೂವರೂ ಒಪ್ಪಿದರು.

ಕೊನೆಯದೊಂದು ಸಲಹೆ ನನಗೆ ಬಹಳ ಮುಖ್ಯವೆನಿಸಿತ್ತು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟಿನ ಆಟಕ್ಕೆ ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದನ್ನು ಆಡುವುದು ಕಡಿಮೆಯಾಯಿತು. ಹಣವೇ ಖುಷಿಯನ್ನು ಕೊಲ್ಲುತ್ತದೆಂದು ನಾನು ಇದನ್ನು ಓದುವುದಿಲ್ಲ. ಎಲ್ಲವನ್ನೂ ಇನ್ನೊಬ್ಬರು ಹೇಳಿದಂತೆಯೇ ಮಾಡಬೇಕಾದಾಗ ಸ್ವಂತ ಇಚ್ಛೆಗೆ ಜಾಗ ಉಳಿಯದು. ಆದ್ದರಿಂದ ವಾರಕ್ಕೊಮ್ಮೆ, ಯಾರಿಗೂ ಮಾರದ, ಯಾರಿಗೂ ಚಿತ್ರ ತೆಗೆದು ಕಳುಹಿಸದ ಒಂದು ತಿನಿಸನ್ನು ಓವನ್ನಿನಲ್ಲಿ ಮಾಡಬೇಕು, ಅದು ಏನೆಂದು ಮಗಳು ಆರಿಸಬೇಕು ಎಂದು ಹೇಳಿದೆ.

ನಾಲ್ಕು ತಿಂಗಳ ನಂತರ ಬಂದಾಗ ಆರ್ಡರುಗಳು ಅರ್ಧಕ್ಕೆ ಇಳಿದಿದ್ದವು, ಕೈಗೆ ಉಳಿಯುವ ಹಣ ಹೆಚ್ಚಿತ್ತು. ಹಳೆಯ ಗ್ರಾಹಕರಲ್ಲಿ ಕೆಲವರು ದೂರವಾಗಿದ್ದರು, ಅವರಲ್ಲೊಬ್ಬರು ಆಪ್ತ ಗೆಳತಿ. ಆ ನೋವು ಇನ್ನೂ ಇದೆ, ಅದರ ಬಗ್ಗೆ ನಾವು ಮಾತನಾಡುತ್ತಿದ್ದೇವೆ. ಅತ್ತೆ ಈಗಲೂ ಆಗೊಮ್ಮೆ ಈಗೊಮ್ಮೆ ನೆಂಟರಿಗೆ ತಾವೇ ಮಾತು ಕೊಟ್ಟು ಬರುತ್ತಾರಂತೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗುವುದರಿಂದ ಬೆರಳುಗಳ ಜೋಮು ಕಡಿಮೆಯಾಗಿದೆ. ಹೊರಡುವಾಗ ಆರ್ಡರ್ ಪುಸ್ತಕ ತೆರೆದು ತೋರಿಸಿದರು. ದರದ ಅಂಕಣ ಶಾಯಿಯಲ್ಲಿತ್ತು. ಪ್ರತಿ ಭಾನುವಾರದ ಸಾಲಿನಲ್ಲಿ ಗ್ರಾಹಕರ ಹೆಸರಿನ ಜಾಗದಲ್ಲಿ ಮಗಳು ತನ್ನ ಅಕ್ಷರದಲ್ಲೇ “ನಮ್ಮದು” ಎಂದು ಬರೆದಿದ್ದಳು.