ಟ್ರೌಟ್, ಒಹ್ತಾನಿಯಂಥ ತಾರೆಯರು ಇಬ್ಬರೂ ಇದ್ದೂ ಅಮೆರಿಕದ ಬೇಸ್‌ಬಾಲ್ ತಂಡ ಏಂಜಲ್ಸ್ ಯಾಕೆ ಗೆಲ್ಲಲಿಲ್ಲ? ಮಾಲೀಕರ ಜಿಪುಣತನವೇ ಕಾರಣವೇ?

ಜಿಪುಣತನವಲ್ಲ. ಪ್ರಶ್ನೆಯ ಆ ಅರ್ಧವನ್ನು ಮೊದಲು ಹೊಡೆದುಹಾಕಿ. ಒಂದು ಕಾಲಕ್ಕೆ ನಾನೂ ಹೀಗೇ ಕೇಳುತ್ತಿದ್ದೆ, ಏಕೆಂದರೆ ನನ್ನ ಲೆಕ್ಕವೇ ತಪ್ಪಿತ್ತು. ಯಾರು ಬಂದರು ಅಂತ ನೋಡುತ್ತಿದ್ದೆ, ಅವರಿಗಾಗಿ ಏನು ಕೈಬಿಟ್ಟಿತು ಅಂತ ನೋಡುತ್ತಿರಲಿಲ್ಲ. 2011ರ ಡಿಸೆಂಬರಿನಲ್ಲಿ ಬ್ಯಾಟರ್ ಆಲ್ಬರ್ಟ್ ಪುಹೋಲ್ಸ್ ಬಂದಾಗ ಮಾಡಿದ್ದೂ ಅದೇ ತಪ್ಪು. ಅದೊಂದನ್ನೇ ಬಿಡಿಸಿ ಹೇಳುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಪುಹೋಲ್ಸ್ ಆಗಷ್ಟೇ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಜೊತೆ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಅಂತಿಮ ಪ್ರಶಸ್ತಿ, ಗೆದ್ದಿದ್ದ. ವೃತ್ತಿಯ ಮೊದಲ ಹತ್ತು ವರ್ಷ ಅವನ ಬ್ಯಾಟಿಂಗ್ ಸರಾಸರಿ ಒಮ್ಮೆಯೂ .300ಕ್ಕಿಂತ, ಅಂದರೆ ಹತ್ತು ಅವಕಾಶಕ್ಕೆ ಮೂರು ಹಿಟ್‌ಗಿಂತ, ಕೆಳಗಿಳಿದಿರಲಿಲ್ಲ. ಏಂಜಲ್ಸ್ ಕೊಟ್ಟದ್ದು ಹತ್ತು ವರ್ಷಕ್ಕೆ 24 ಕೋಟಿ ಡಾಲರ್. ಅದನ್ನು ಹಂಚಿದ ರೀತಿ ನೋಡಿ: 2012ಕ್ಕೆ 1.2 ಕೋಟಿ, 2013ಕ್ಕೆ 1.6, 2014ಕ್ಕೆ 2.3, ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷದಂತೆ ಏರಿ 2021ಕ್ಕೆ 3 ಕೋಟಿ. ಅಂದರೆ 32ನೇ ವಯಸ್ಸಿನಲ್ಲಿ ಅತಿ ಕಡಿಮೆ, 41ರಲ್ಲಿ ಅತಿ ಹೆಚ್ಚು. ಮೊದಲ ವರ್ಷಗಳಲ್ಲಿ ಉಳಿತಾಯವಾಯಿತಲ್ಲ ಅನ್ನಬೇಡಿ. ಲೀಗಿನ ಲಕ್ಷುರಿ ಟ್ಯಾಕ್ಸ್ (ತಂಡದ ಒಟ್ಟು ಸಂಬಳ ಮಿತಿ ದಾಟಿದರೆ ಕಟ್ಟಬೇಕಾದ ದಂಡ) ಲೆಕ್ಕಕ್ಕೆ ಒಪ್ಪಂದದ ವಾರ್ಷಿಕ ಸರಾಸರಿ ಬರುತ್ತದೆ, ಹಾಗಾಗಿ ಅಲ್ಲಿ ಮೊದಲ ದಿನದಿಂದಲೇ 2.4 ಕೋಟಿ. 2013ರಲ್ಲಿ ಪಾದದ ನೋವಿನಿಂದ ಆಡಿದ್ದು 99 ಪಂದ್ಯ. ಏಂಜಲ್ಸ್ ಅಂಗಿಯಲ್ಲಿ ಅವನ ಅತ್ಯುತ್ತಮ ಸರಾಸರಿ ಬಂದದ್ದು ಮೊದಲ ವರ್ಷ, .285.

ಆದರೆ ಹಣ ಹೋದದ್ದು ಸಣ್ಣ ನಷ್ಟ. ಮಾಲೀಕ ಆರ್ಟೆ ಮೊರೆನೊ ಬಳಿ ಹಣವಿತ್ತು. ಹೋದದ್ದು ಡ್ರಾಫ್ಟ್ ಸರದಿ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿನ ಜಾಗ. ಆಗಿನ ನಿಯಮದಲ್ಲಿ ಇಂಥ ದೊಡ್ಡ ಫ್ರೀ ಏಜೆಂಟನ್ನು (ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಹೋಗಬಲ್ಲ ಆಟಗಾರನನ್ನು) ಕರೆದುಕೊಂಡರೆ ನಿಮ್ಮ ಮೊದಲ ಸುತ್ತಿನ ಆಯ್ಕೆ ಅವನ ಹಳೆಯ ತಂಡಕ್ಕೆ ಹೋಗುತ್ತಿತ್ತು. ಅದೇ ದಿನ ಪಿಚರ್ (ಚೆಂಡೆಸೆಯುವವ) ಸಿ.ಜೆ. ವಿಲ್ಸನ್ ಜೊತೆಗೂ ಒಪ್ಪಂದವಾದ್ದರಿಂದ ಎರಡನೇ ಸುತ್ತಿನದೂ ಹೋಯಿತು. 2012ರ ಡ್ರಾಫ್ಟಿನಲ್ಲಿ ಏಂಜಲ್ಸ್ ಮೊದಲ ಹೆಸರು ಕೂಗಿದ್ದು ಮೂರನೇ ಸುತ್ತಿನಲ್ಲಿ, ಅಷ್ಟರಲ್ಲಿ ನೂರಕ್ಕೂ ಹೆಚ್ಚು ಹುಡುಗರು ಖಾಲಿ. ಏಂಜಲ್ಸ್‌ನಿಂದ ಸಿಕ್ಕ 19ನೇ ಸರದಿಯಲ್ಲಿ ಕಾರ್ಡಿನಲ್ಸ್ ಮೈಕಲ್ ವಾಕಾ ಎಂಬ ಪಿಚರನ್ನು ಆರಿಸಿತು. ಮರುವರ್ಷದ ಅಕ್ಟೋಬರಿನಲ್ಲಿ ಅವನು ನ್ಯಾಷನಲ್ ಲೀಗ್ ಫೈನಲ್ ಸರಣಿಯ ಶ್ರೇಷ್ಠ ಆಟಗಾರ.

ಒಂದು ಸರದಿಗೆ ಇಷ್ಟು ಗೋಳೇ ಅಂತೀರಾ? ಡ್ರಾಫ್ಟಿನಲ್ಲಿ ಸಿಕ್ಕ ಹುಡುಗ ಮೇಜರ್ ಲೀಗಿಗೆ ಬಂದ ಮೇಲೆ ಆರು ವರ್ಷ ನಿಮ್ಮ ಕೈಯಲ್ಲಿರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯಲ್ಲಿ ತೀರ್ಮಾನವಾದಷ್ಟು. 2013ರಲ್ಲಿ ಪುಹೋಲ್ಸ್‌ಗೆ 1.6 ಕೋಟಿ ಡಾಲರ್ ಸಂಬಳ. ಅದೇ ತಂಡದಲ್ಲಿ, ಅದೇ ವರ್ಷ, ಅವನಿಗಿಂತ ಎಷ್ಟೋ ಚೆನ್ನಾಗಿ ಆಡಿದ ಮೈಕ್ ಟ್ರೌಟ್‌ಗೆ 5.1 ಲಕ್ಷ. ಆ ಟ್ರೌಟ್ ಬಂದದ್ದಾದರೂ ಹೇಗೆ? ಇದೇ ನಿಯಮದಿಂದ. ಏಂಜಲ್ಸ್ ಆಟಗಾರ ಮಾರ್ಕ್ ಟೆಷೇರಾನನ್ನು ಯಾಂಕೀಸ್ ತಂಡ ಎತ್ತಿಕೊಂಡು ಹೋಗಿದ್ದಕ್ಕೆ ಪರಿಹಾರವಾಗಿ ಸಿಕ್ಕಿದ ಸರದಿ, 2009ರ 25ನೇ ಆಯ್ಕೆ. ಸರದಿಯ ಬೆಲೆ ಏನು ಅಂತ ಲೀಗಿನಲ್ಲಿ ಯಾರಿಗಾದರೂ ಗೊತ್ತಿರಬೇಕಾಗಿದ್ದರೆ ಅದು ಈ ಕಚೇರಿಗೇ. ಆದರೂ 2012ರ ಡಿಸೆಂಬರಿನಲ್ಲಿ ಬ್ಯಾಟರ್ ಜಾಶ್ ಹ್ಯಾಮಿಲ್ಟನ್‌ಗೆ ಐದು ವರ್ಷಕ್ಕೆ 12.5 ಕೋಟಿ ಕೊಟ್ಟು 2013ರ ಮೊದಲ ಸುತ್ತನ್ನೂ ಕಳೆದುಕೊಂಡರು. ಎರಡೂವರೆ ವರ್ಷದೊಳಗೆ ಅವನನ್ನು ಹಳೆಯ ತಂಡಕ್ಕೇ ವಾಪಸ್ ಕಳಿಸಿದರು, ಬಾಕಿ ಸಂಬಳದ ದೊಡ್ಡ ಪಾಲನ್ನು ತಾವೇ ಹೊತ್ತು.

ಇನ್ನೊಂದು ನಷ್ಟ ಮೈದಾನದ ಮೇಲಿನ ಜಾಗದ್ದು. ಫೀಲ್ಡಿಂಗ್ ನಿಧಾನವಾದ ಹಿರಿಯ ಬ್ಯಾಟರ್‌ಗೆ ಉಳಿಯುವುದು ಎರಡೇ ಜಾಗ: ಫಸ್ಟ್ ಬೇಸ್, ಇಲ್ಲವೇ ಬ್ಯಾಟಿಂಗ್ ಮಾತ್ರ ಮಾಡುವ ಡಿಎಚ್. 2018ಕ್ಕೆ ಒಹ್ತಾನಿ ಡಿಎಚ್ ಆಗಿ ಬಂದ. ಪುಹೋಲ್ಸ್ ಫಸ್ಟ್ ಬೇಸಿಗೆ. ಅಲ್ಲಿದ್ದ ಸಿ.ಜೆ. ಕ್ರಾನ್, ಏಂಜಲ್ಸ್‌ನದೇ ಮೊದಲ ಸುತ್ತಿನ ಹುಡುಗ, ಹೆಚ್ಚಾದ. ಅವನನ್ನು ಟ್ಯಾಂಪಾ ತಂಡಕ್ಕೆ ಕಳಿಸಿದರು. ಆ ವರ್ಷ ಕ್ರಾನ್ 30 ಹೋಮ್ ರನ್ ಹೊಡೆದ, ಪುಹೋಲ್ಸ್ 19.

ಇದನ್ನು ಐಪಿಎಲ್ ಹರಾಜಿನ ಕಣ್ಣಿನಲ್ಲಿ ನೋಡಬೇಡಿ. ಅಲ್ಲಿ ಕೆಲವು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು ಹಳೆಯ ತಪ್ಪು ತೊಳೆದುಹೋಗುತ್ತದೆ. ಇಲ್ಲಿ ಒಪ್ಪಂದ ಖಾತರಿ. 2021ರ ಮೇನಲ್ಲಿ ಪುಹೋಲ್ಸ್‌ನನ್ನು ಬಿಟ್ಟುಕೊಟ್ಟ ಮೇಲೆ ಡಾಜರ್ಸ್ ತಂಡ ಅವನಿಗೆ ಕೊಟ್ಟದ್ದು ಕನಿಷ್ಠ ಸಂಬಳದ ಪಾಲು, ಮಿಕ್ಕಿದ್ದೆಲ್ಲ ಏಂಜಲ್ಸ್ ಜೇಬಿನಿಂದ. ಥರ್ಡ್ ಬೇಸ್ ಆಟಗಾರ ಆಂತೋನಿ ರೆಂಡನ್‌ದೂ ಅದೇ ಕಥೆ: 2019ರ ಕೊನೆಯಲ್ಲಿ ಏಳು ವರ್ಷಕ್ಕೆ 24.5 ಕೋಟಿ, ಆಮೇಲೆ ಒಂದು ವರ್ಷವೂ 60 ಪಂದ್ಯ ಮುಟ್ಟಲಿಲ್ಲ.

ಮೂರ್ನಾಲ್ಕು ಹೆಸರಿಗೆ ಹಣ ಸುರಿದರೆ ತಂಡದ ಮೇಲ್ಭಾಗ ಹೊಳೆಯುತ್ತದೆ, ತಳ ಸೋರುತ್ತದೆ. 162 ಪಂದ್ಯದ ಋತುವನ್ನು ಪಂದ್ಯ ಆರಂಭಿಸುವ ಐದೇ ಪಿಚರ್‌ಗಳಿಂದ ಮುಗಿಸುವುದು ಬಹಳ ಅಪರೂಪ. ಗಾಯ ಆಗೇ ಆಗುತ್ತದೆ. ಆಗ ಸಾಲ್ಟ್ ಲೇಕ್‌ನ ಕೆಳಹಂತದ ತಂಡದಿಂದ ಯಾರು ಬರುತ್ತಾರೆ ಅನ್ನುವುದರಲ್ಲೇ ಋತುವಿನ ಹಣೆಬರಹ ಇರುತ್ತದೆ. ಏಂಜಲ್ಸ್‌ಗೆ ಅಲ್ಲಿ ಪಿಚರ್‌ಗಳ ಎಂಥ ಬರ ಬಂದಿತ್ತೆಂದರೆ 2021ರ ಡ್ರಾಫ್ಟಿನ ಇಪ್ಪತ್ತೂ ಸುತ್ತಿನಲ್ಲಿ ಇಪ್ಪತ್ತೂ ಪಿಚರ್‌ಗಳನ್ನೇ ಆರಿಸಿದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಟ್ರೌಟ್, ಒಹ್ತಾನಿ ಒಟ್ಟಿಗಿದ್ದ ಆರು ಋತುಗಳಲ್ಲಿ ಒಂದರಲ್ಲೂ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ.

ಇನ್ನು ಮುಂದೆ ನಿಮ್ಮ ತಂಡ ದೊಡ್ಡ ಒಪ್ಪಂದ ಮಾಡಿದಾಗ ಒಟ್ಟು ಮೊತ್ತ ಓದಬೇಡಿ. ಕೊನೆಯ ವರ್ಷಕ್ಕೆ ಆಟಗಾರನ ವಯಸ್ಸೆಷ್ಟು, ಆ ವರ್ಷದ ಸಂಬಳವೆಷ್ಟು, ಯಾವ ಡ್ರಾಫ್ಟ್ ಸರದಿ ಹೋಗುತ್ತದೆ, ಅವನು ಕೂರುವ ಜಾಗದಲ್ಲಿ ಈಗ ಯಾರಿದ್ದಾರೆ, ಇವು ಸಾಕು. ವರ್ಗಾವಣೆಗೆ ಒಪ್ಪದಿರುವ ಹಕ್ಕು ಅವನಿಗಿದೆಯೇ ಅನ್ನುವುದನ್ನೂ ನೋಡಿಬಿಡಿ, ಅದಿದ್ದರೆ ಹೊರದಾರಿಯೂ ಮುಚ್ಚಿತು.

2023ರಲ್ಲಿ ಒಹ್ತಾನಿಯ ಒಪ್ಪಂದ ಮುಗಿಯುವ ವರ್ಷ. ಜುಲೈನಲ್ಲಿ ಅವನನ್ನು ಮಾರದೆ, ಕ್ಯಾಚರ್ ಎಡ್ಗರ್ ಕ್ವೇರೊ ಮತ್ತು ಪಿಚರ್ ಕೈ ಬುಷ್ ಎಂಬ ಇಬ್ಬರು ಬೆಳೆಯುವ ಹುಡುಗರನ್ನು ಕೊಟ್ಟು ಪಿಚರ್‌ಗಳಾದ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಸ್‌ರನ್ನು ತಂದರು. ಆಗಸ್ಟಿನಲ್ಲಿ ಗೆದ್ದದ್ದು 8, ಸೋತದ್ದು 19. ತಿಂಗಳ ಕೊನೆಗೆ ಅವರಿಬ್ಬರನ್ನೂ, ಜೊತೆಗೆ ಇನ್ನು ಕೆಲವರನ್ನೂ ಬಿಟ್ಟಿಯಾಗಿ ಬೇರೆ ತಂಡಗಳ ಮುಂದಿಟ್ಟರು. 23.3 ಕೋಟಿಯ ಟ್ಯಾಕ್ಸ್ ಗೆರೆಯ ಕೆಳಗೆ ಇಳಿಯಬೇಕಿತ್ತು, ಇಳಿದರೆ ಒಹ್ತಾನಿ ಹೋದಾಗ ಸಿಗುವ ಪರಿಹಾರದ ಸರದಿ ನಾಲ್ಕನೇ ಸುತ್ತಿನ ಬದಲು ಎರಡನೇ ಸುತ್ತಿನ ನಂತರಕ್ಕೆ ಬರುತ್ತಿತ್ತು. ಇಳಿದರು. ಡಿಸೆಂಬರಿನಲ್ಲಿ ಅವನು 70 ಕೋಟಿಗೆ ಡಾಜರ್ಸ್‌ಗೆ ಹೋದ. 31ರ ಪುಹೋಲ್ಸ್‌ಗಾಗಿ ಮೊದಲ ಸುತ್ತಿನ ಸರದಿ ಕೊಟ್ಟ ಕಚೇರಿಗೆ 29ರ ಒಹ್ತಾನಿಯ ಬದಲಿಗೆ ಸಿಕ್ಕಿದ್ದು ಎರಡನೇ ಸುತ್ತು ಮುಗಿದ ಮೇಲಿನ ಒಂದು ಸರದಿ.