ಅಜ್ಜಿಯ ಅರ್ಜಿಯಿಂದ ಶುರು ಮಾಡಿ

ನಮಸ್ಕಾರ.

ನಾಗರಹೊಳೆ ಹುಲಿ ಸಂರಕ್ಷಿತ ಕಾಡಿನ ಜೇನುಕುರುಬ ಆದಿವಾಸಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಅವರ ಹಾಡಿಗೆ, ಅಂದರೆ ಅವರು ವಾಸವಿರುವ ಕೇರಿಗೆ ಹೋಗಿ, ಜನರ ಜೊತೆ ಕೂತು ಮಾತಾಡಿದ್ದೀರಿ. ಅದು ಓದುವಾಗಲೇ ಗೊತ್ತಾಗುತ್ತದೆ. ಆದರೆ ಮೊದಲ ಪುಟದ ತುಂಬ ‘ಕಾಡಿನ ಮುಗ್ಧ ಮಕ್ಕಳು’, ‘ಪ್ರಕೃತಿಯ ಮಡಿಲು’, ಕಣ್ಣೀರು. ಓದಿದವರು ‘ಅಯ್ಯೋ ಪಾಪ’ ಅಂದು ಪುಟ ತಿರುಗಿಸುತ್ತಾರೆ. ಪಾಪ ಅನ್ನಿಸಿದರೆ ಜನ ಕಂಬಳಿ ಹಂಚುತ್ತಾರೆ, ಹಕ್ಕಿನ ಪರ ನಿಲ್ಲುವುದಿಲ್ಲ. ಜೇನುಕುರುಬರು ಕೇಳುತ್ತಿರುವುದು 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿರುವುದನ್ನೇ, ತಲೆಮಾರುಗಳಿಂದ ಬಾಳಿದ ಕಾಡಿನ ಮೇಲಿನ ಹಕ್ಕನ್ನೇ. ನಿಮ್ಮಲ್ಲಿ ಆ ಕಾಯ್ದೆ ಬರುವುದು ಒಂದೇ ಸಲ, ಅದೂ ಕೊನೇ ಪ್ಯಾರಾದಲ್ಲಿ.

ಲೇಖನದ ಜೀವ ಇರುವುದು ಮೂರನೇ ಪುಟದಲ್ಲಿ. ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರಿನಿಂದ ಆ ಹಕ್ಕಿಗಾಗಿ ಹಾಕಿದ ಅರ್ಜಿಯ ನಕಲು ತೆಗೆದು ತೋರಿಸುತ್ತಾರೆ. ಆಮೇಲೆ ಕಾಡಿನ ಕಡೆ ಕೈಮಾಡಿ, ಅಪ್ಪ ಅಮ್ಮನನ್ನು ಮಣ್ಣು ಮಾಡಿದ ಜಾಗ ಹೇಳುತ್ತಾರೆ. ನೀವು ಅಲ್ಲಿ ಸೂರ್ಯಾಸ್ತ ವರ್ಣಿಸಿ ಮುಂದೆ ಹೋಗಿಬಿಟ್ಟಿದ್ದೀರಿ. ಅರಣ್ಯ ಹಕ್ಕು ನಿಯಮಗಳ ಪ್ರಕಾರ ಆ ಜಾಗವೇ ಸಾಕ್ಷ್ಯ! ಸಮಾಧಿ, ದೇವರ ಜಾಗ, ಹಳೇ ಬಾವಿ, ಊರ ಹಿರಿಯರ ಹೇಳಿಕೆ, ಎಲ್ಲವನ್ನೂ ಪುರಾವೆಯಾಗಿ ಕೊಡಬಹುದು. ಅರ್ಜಿ ತಳ್ಳಿಹಾಕಿದರೆ ಕಾರಣ ತಿಳಿಸಬೇಕು. ಮೇಲ್ಮನವಿಗೆ 60 ದಿನ ಇದೆ. ಹಕ್ಕಿನ ತೀರ್ಮಾನ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಇದನ್ನೆಲ್ಲ ಅಜ್ಜಿಯ ಕೈಯಲ್ಲಿರುವ ಕಾಗದದ ಜೊತೆಗೇ ಹೇಳಿ. ಪಹಣಿ ತಿದ್ದುಪಡಿಗೋ ಮನೆ ಖಾತೆಗೋ ಕಚೇರಿ ಅಲೆದವರು ನಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

‘1980ರ ದಶಕದಲ್ಲಿ ಒಕ್ಕಲೆಬ್ಬಿಸಲಾಯಿತು’ ಎಂದಿದ್ದೀರಿ. ಎಬ್ಬಿಸಿದ್ದು ಯಾರು? ಅರಣ್ಯ ಇಲಾಖೆ ಅಂತ ನೇರವಾಗಿ ಬರೆಯಿರಿ. ಪ್ರವಾಹ ಬಂದು ಹೋದ ಹಾಗೆ ಬರೆದರೆ ಸರಿಪಡಿಸಬೇಕಾದವರು ಯಾರೂ ಕಾಣಿಸುವುದಿಲ್ಲ. 2025ರ ಮೇ ತಿಂಗಳಲ್ಲಿ 52 ಕುಟುಂಬಗಳು ಕಾಡಿನೊಳಗಿನ ತಮ್ಮ ಹಳೇ ಜಾಗ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಹೋದವು. ಅವರೇ ತೀರ್ಮಾನಿಸಿದರು, ಅವರೇ ಹೋಗಿ ಗುಡಿಸಲು ಹಾಕಿದರು. ನೀವು ಅದನ್ನೂ ‘ಮರಳುವಿಕೆ ನಡೆಯಿತು’ ಅಂತ ಸಪ್ಪೆ ಮಾಡಿದ್ದೀರಿ.

ಇನ್ನು ಹುಲಿ ವಿಷಯ. ಬೆಂಗಳೂರು, ಮೈಸೂರಿನ ಓದುಗರಿಗೆ ಮೊದಲು ಬರುವ ಪ್ರಶ್ನೆಯೇ ‘ಜನ ಒಳಗಿದ್ದರೆ ಹುಲಿ ಉಳಿಯುತ್ತಾ?’ ಅನ್ನೋದು. ಕಾಡಿನ ಮೇಲೆ ನಿಜವಾದ ಪ್ರೀತಿ ಇರುವವರೂ ಹಾಗೆ ಕೇಳುತ್ತಾರೆ. ನೀವು ಉತ್ತರ ಕೊಡದೆ ಅವರನ್ನು ‘ಸಫಾರಿ ಶೋಕಿಯವರು’ ಅಂತ ಬೈದಿದ್ದೀರಿ. ಬೈಸಿಕೊಂಡವರು ಮುಂದೆ ಓದಲ್ಲ, ಅಲ್ವಾ? ‘ಅವರು ಕಾಡುಗಳ್ಳರಲ್ಲ’ ಅಂತ ಪದೇಪದೇ ಬರೆದದ್ದೂ ಬೇಡ. ಆರೋಪವೇ ಜಾಸ್ತಿ ತಲೆಯಲ್ಲಿ ಉಳಿಯುತ್ತದೆ.

ಬದಲಿಗೆ ಬಿಳಿಗಿರಿರಂಗನ ಬೆಟ್ಟದ ಮಾತು ತನ್ನಿ. ಅದು ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ. ಅದೇ ವರ್ಷ ಅಲ್ಲಿನ ಸೋಲಿಗ ಆದಿವಾಸಿಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು, ಅಂದರೆ ಕಾಡಿನ ಮೇಲೆ ಇಡೀ ಊರಿಗೆ ಸೇರಿದ ಹಕ್ಕು. ಪೋಡುಗಳಲ್ಲಿ, ಅಂದರೆ ತಮ್ಮ ಕೇರಿಗಳಲ್ಲಿ ಸೋಲಿಗರು ಇದ್ದಾರೆ, ಕಾಡಿನಲ್ಲಿ ಹುಲಿಯೂ ಇದೆ. ಅವರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು, ನೆಲದ ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆಯೇ ಲಾಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ಈ ಪರಿ ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರೂ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಲಾಂಟಾನ ತುಂಬಿದ ಕಡೆ ಹುಲ್ಲಿಲ್ಲ, ಜಿಂಕೆಗೆ ಮೇವಿಲ್ಲ. ಹುಲಿಯ ಚಿಂತೆ ಇರುವವರು ಇದನ್ನು ಖಂಡಿತ ಕೇಳಿಸಿಕೊಳ್ಳುತ್ತಾರೆ. ಒಂದು ಎಚ್ಚರ ಇರಲಿ: ಕಾಡು ಕಾಯುತ್ತಾರೆ ಅನ್ನುವ ಕಾರಣಕ್ಕೇ ಹಕ್ಕು ಕೊಡಿ ಅಂತ ವಾದಿಸಬೇಡಿ. ಅದು ಬಹುಮಾನವಲ್ಲ, ಅವರಿಗೆ ಸೇರಿದ್ದು.

‘ಸಮಾಜ ಎಚ್ಚೆತ್ತುಕೊಳ್ಳಬೇಕು’ ಅಂತ ಮುಗಿಸಿದ್ದೀರಿ. ಸುಮ್ನೆ ಹಾಗಂದರೆ ಯಾರು ಏನು ಮಾಡಬೇಕು? ಈ ಹಕ್ಕಿನ ಅರ್ಜಿಗಳನ್ನು ತೀರ್ಮಾನಿಸುವ ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ಅರ್ಜಿಗಳು ಎಲ್ಲಿಗೆ ಬಂದಿವೆ ಅಂತ ಓದುಗರು ಅವರಿಗೆ ಪತ್ರ ಬರೆದು ಕೇಳಬಹುದು. ಅದನ್ನೇ ಹೇಳಿ.

ಸಾವಿರ ಪದಕ್ಕೆ ಇಳಿಸಿ ಕಳಿಸಿ. ಅದಕ್ಕೂ ಮೊದಲು ಅಜ್ಜಿಗೆ ಅವರ ಭಾಗವನ್ನು ಓದಿ ಹೇಳಿ. ಫೋಟೋ ಹಾಕಬಹುದಾ ಅಂತಲೂ ಕೇಳಿ. ಬೇಡ ಅಂದರೆ ಬೇಡ.