ಎರಡು ಮಾನಿಟರ್ ಯಾರಿಗೆ ಬೇಕು, ಯಾರಿಗೆ ಬೇಡ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದಿನವಿಡೀ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ಮೂರೂ ತೆರೆದಿರುತ್ತವೆ. ಈಗ ಇರುವುದು 15.6 ಇಂಚಿನ ಹಳೆಯ ಲ್ಯಾಪ್‌ಟಾಪ್. 24 ಇಂಚಿನ ಎರಡು ಮಾನಿಟರ್ ಕೊಳ್ಳಲೇ, ದೊಡ್ಡದು ಒಂದನ್ನೇ ಕೊಳ್ಳಲೇ? ಪಕ್ಕದ ಕಚೇರಿಯವರೊಬ್ಬರು ಎರಡು ಮಾನಿಟರ್ ಇಟ್ಟುಕೊಂಡ ಮೇಲೆ ಕತ್ತು ನೋವು ಎನ್ನುತ್ತಿದ್ದಾರೆ. ಅದರ ಹೆದರಿಕೆಯೂ ಇದೆ.

ಉತ್ತರ: ನೀವು ಎರಡು ಕೊಳ್ಳಿ. ನಿಮ್ಮ ಕೆಲಸಕ್ಕೆ ಅದು ಅನುಕೂಲವಷ್ಟೇ ಅಲ್ಲ, ಅಗತ್ಯವೇ ಹೌದು.

ಮಾನಿಟರ್ ಎಷ್ಟು ಬೇಕೆಂದು ತೀರ್ಮಾನಿಸುವಾಗ ಬಹಳ ಜನ ಎಷ್ಟು ವಿಂಡೋ ತೆರೆದಿವೆ ಎಂದು ಎಣಿಸುತ್ತಾರೆ. ಎಣಿಸಬೇಕಾದದ್ದು ಅದನ್ನಲ್ಲ, ಒಂದೇ ಹೊತ್ತಿಗೆ ಕಣ್ಣ ಮುಂದೆ ಎಷ್ಟು ಇರಬೇಕು ಎಂಬುದನ್ನು. ಇಮೇಲ್, ವಾಟ್ಸ್‌ಆ್ಯಪ್, ಬ್ಯಾಂಕಿನ ಜಾಲತಾಣ ಇವನ್ನೆಲ್ಲ ಒಂದಾದ ಮೇಲೊಂದು ನೋಡಿದರೆ ನಡೆಯುತ್ತದೆ. ತಾಳೆ ನೋಡುವ ಕೆಲಸ ಹಾಗಲ್ಲ. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ ಸಿಗುತ್ತದೆ, ತಿಂಗಳಿಗೊಮ್ಮೆ ಸಲ್ಲಿಸುವವರು 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ರಿಟರ್ನ್ ಸಲ್ಲಿಸಬೇಕು. ಆ ಕೆಲವೇ ದಿನಗಳಲ್ಲಿ ಪ್ರತಿ ಕಕ್ಷಿದಾರರ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ಹೊಂದಿಸಿ ನೋಡಬೇಕು. ಪರದೆ ಒಂದೇ ಇದ್ದರೆ ಒಂದು ವಿಂಡೋದಲ್ಲಿ ನೋಡಿದ ಬಿಲ್ ಸಂಖ್ಯೆಯನ್ನೋ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನೋ ನೆನಪಿನಲ್ಲಿ ಹಿಡಿದುಕೊಂಡು ಇನ್ನೊಂದಕ್ಕೆ ಹೋಗಬೇಕು. ಸಂಜೆಯ ಹೊತ್ತಿಗೆ 0 ಮತ್ತು 8 ಅದಲುಬದಲಾಗುವುದು ಅಲ್ಲೇ. ಎರಡೂ ಎದುರಿಗಿದ್ದರೆ ನೆನಪಿಟ್ಟುಕೊಳ್ಳುವ ಕೆಲಸವೇ ಇರುವುದಿಲ್ಲ, ಕಣ್ಣು ಹಾಯಿಸಿದರೆ ಸಾಕು.

ದೊಡ್ಡ ಪರದೆಯೊಂದನ್ನೇ ಎರಡು ಭಾಗ ಮಾಡಿಕೊಂಡರಾಗದೇ ಎಂದು ನೀವು ಕೇಳಬಹುದು. ಎಕ್ಸೆಲ್‌ನಲ್ಲಿ ಕಾಲಂಗಳ ಅಗಲ ಬದಲಿಸದೆ, ಶೇ. 100ರ ಗಾತ್ರದಲ್ಲಿ ನೋಡಿದರೆ ಒಂದು ಕಾಲಂ ಅಡ್ಡಕ್ಕೆ 64 ಪಿಕ್ಸೆಲ್, ಅಂದರೆ ಪರದೆಯ 64 ಚುಕ್ಕೆ ಹಿಡಿಯುತ್ತದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್ 1366×768 ಪಿಕ್ಸೆಲ್‌ಗಳದ್ದಾಗಿದ್ದರೆ ಅದರ ಅರ್ಧದಲ್ಲಿ ಸುಮಾರು 10 ಕಾಲಂ ಕಾಣುತ್ತವೆ. 2560×1440ರ 27 ಇಂಚಿನ ಮಾನಿಟರಿನ ಅರ್ಧದಲ್ಲಿ 19. ಫುಲ್ ಎಚ್‌ಡಿ, ಅಂದರೆ 1920×1080ರ 24 ಇಂಚಿನದರಲ್ಲಿ ಪೂರ್ತಿ ತೆರೆದರೆ 29. ವ್ಯಾಪಾರಿಯ ಹೆಸರು, ನೋಂದಣಿ ಸಂಖ್ಯೆ ಇರುವ ಕಾಲಂಗಳನ್ನು ಎಳೆದು ಅಗಲ ಮಾಡಲೇಬೇಕಾಗುವುದರಿಂದ ಆ 19 ಬೇಗ 12ಕ್ಕೋ 13ಕ್ಕೋ ಇಳಿಯುತ್ತದೆ. ಒಟ್ಟು ಪಿಕ್ಸೆಲ್ ಲೆಕ್ಕ ಹಾಕಿದರೂ 24 ಇಂಚಿನ ಎರಡು ಮಾನಿಟರ್ ಸೇರಿ 41 ಲಕ್ಷ ದಾಟುತ್ತದೆ, 27 ಇಂಚಿನ ಆ ಒಂದರಲ್ಲಿ 37 ಲಕ್ಷದಷ್ಟು. ನಿಮಗೆ ಬೇಕಾಗಿರುವುದು ಅಗಲ. ಅದು ಎರಡರಲ್ಲಿ ಸಿಗುತ್ತದೆ.

ಕತ್ತು ನೋವಿನ ವಿಚಾರಕ್ಕೆ ಬರೋಣ. ನೋವು ಎರಡು ಮಾನಿಟರಿನಿಂದ ಬರುವುದಕ್ಕಿಂತ ಅವನ್ನು ಇಟ್ಟ ರೀತಿಯಿಂದ ಬರುವುದೇ ಹೆಚ್ಚು. ಎರಡನ್ನೂ ಅಕ್ಕಪಕ್ಕ ನೇರ ಗೆರೆಯಲ್ಲಿಟ್ಟು, ಎರಡು ಅಂಚುಗಳು ಸೇರುವ ಜಾಗಕ್ಕೆ ಎದುರಾಗಿ ಕೂರುವವರು ಬಹಳ. ಆಗ ಮೂಗಿನ ನೇರಕ್ಕೆ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಕೆಲಸ ಮಾತ್ರ ಸದಾ ಎಡಕ್ಕೋ ಬಲಕ್ಕೋ. ದಿನಕ್ಕೆ ಎಂಟು ಗಂಟೆ ಕತ್ತನ್ನು ಒಂದೇ ಕಡೆ ತಿರುಗಿಸಿಕೊಂಡರೆ ನೋಯದೆ ಏನಾದೀತು? ನೀವು ಹೆಚ್ಚು ಹೊತ್ತು ನೋಡುವುದು ಟ್ಯಾಲಿಯಾದರೆ ಆ ಮಾನಿಟರ್ ನೇರ ಎದುರಿಗಿರಲಿ. ಕೀಬೋರ್ಡ್, ಕುರ್ಚಿ ಎರಡೂ ಅದರ ಮಧ್ಯಕ್ಕೇ ಬರಲಿ. ಎರಡನೆಯದು ಅದರ ಅಂಚಿಗೆ ತಾಗಿಕೊಂಡು, ನಿಮ್ಮ ಕಡೆಗೆ ಸ್ವಲ್ಪ ಓರೆಯಾಗಿರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ದೂರ ಒಂದು ತೋಳಿನಳತೆ. 24 ಇಂಚಿನ ಮಾನಿಟರ್ ಸುಮಾರು 53 ಸೆಂಟಿಮೀಟರ್ ಅಗಲವಿರುತ್ತದೆ, ಆದ್ದರಿಂದ ನಾಲ್ಕು ಅಡಿಯ ಮೇಜಿನಲ್ಲಿ ಎರಡೂ ಕೂರುತ್ತವೆ. ಆದರೆ ಬಿಲ್ ಫೈಲುಗಳಿಗೆ ಜಾಗ ಉಳಿಯುವುದಿಲ್ಲ. ಮೇಜಿಗೆ ಬಿಗಿಯುವ ಮಾನಿಟರ್ ತೋಳಿಗೆ ಒಂದಿಷ್ಟು ಹಣ ಹಾಕಿದರೆ ಕೆಳಗಿನ ಜಾಗ ಪೂರ್ತಿ ಖಾಲಿ ಸಿಗುತ್ತದೆ. ಕೊಳ್ಳುವಾಗ ಮಾನಿಟರಿನ ಹಿಂಬದಿಯಲ್ಲಿ 75×75 ಅಥವಾ 100×100 ಮಿಲಿಮೀಟರ್ ಅಂತರದ ನಾಲ್ಕು ತಿರುಪು ರಂಧ್ರಗಳಿವೆಯೇ ನೋಡಿ. ಅಗ್ಗದ ಕೆಲವು ಮಾದರಿಗಳಲ್ಲಿ ಇರುವುದಿಲ್ಲ.

ಎರಡು ಮಾನಿಟರುಗಳಿಗೆ ಹೊಸಬರಾದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಣ್ಣು ಒಂದು ಪರದೆಯಲ್ಲಿರುತ್ತದೆ, ಕೀಲಿ ಒತ್ತಿದ್ದು ಇನ್ನೊಂದಕ್ಕೆ ಹೋಗುತ್ತದೆ. ಟ್ಯಾಲಿಯಲ್ಲಿ ಕಂಟ್ರೋಲ್-ಎ ಒತ್ತಿದರೆ ವೋಚರ್ ಸೇವ್ ಆಗುತ್ತದೆ. ಅದನ್ನೇ ಎಕ್ಸೆಲ್‌ನಲ್ಲಿ ಒತ್ತಿದರೆ ಹಾಳೆಯ ಅಂಕಿಗಳೆಲ್ಲ ಆಯ್ಕೆಯಾಗುತ್ತವೆ, ಅದರ ಬೆನ್ನಿಗೇ ಡಿಲೀಟ್ ಒತ್ತಿದರೆ ಎಲ್ಲವೂ ಖಾಲಿ. ಪರದೆ ಬದಲಿಸಿದಾಗೆಲ್ಲ ಮೌಸ್‌ನಿಂದ ಒಮ್ಮೆ ಆ ವಿಂಡೋ ಒತ್ತಿ, ಆಮೇಲೆ ಕೀಲಿಗೆ ಕೈ ಹಾಕಿ. ಒಂದು ವಾರ ಬೇಕೆಂದೇ ಹೀಗೆ ಮಾಡಿದರೆ ಕೈಗೆ ರೂಢಿಯಾಗುತ್ತದೆ.

ಎರಡೂ ಒಂದೇ ಮಾದರಿಯವಾಗಿರಲಿ. ಬೇರೆ ಬೇರೆಯಾದರೆ ಅಕ್ಷರದ ಗಾತ್ರ, ಬಿಳಿಯ ಛಾಯೆ ಎರಡೂ ಹೊಂದುವುದಿಲ್ಲ, ಕಣ್ಣು ಪದೇ ಪದೇ ಹೊಂದಿಕೊಳ್ಳಬೇಕಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಮಾನಿಟರ್ ಜೋಡಿಸಲು ಒಂದು ಎಚ್‌ಡಿಎಂಐ ಕಿಂಡಿ ಮಾತ್ರ ಇದ್ದರೆ ನೇರವಾಗಿ ಹೊರಗೆ ಒಂದೇ ಮಾನಿಟರ್ ಬರುತ್ತದೆ. ಅಂಥಲ್ಲಿ ಮೊದಲು ಒಂದನ್ನು ಕೊಂಡು ಲ್ಯಾಪ್‌ಟಾಪಿನ ಪರದೆಯನ್ನೇ ಎರಡನೆಯದಾಗಿ ಬಳಸಿ ನೋಡಿ. ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿಕೊಳ್ಳಬೇಕು. ಡೂಪ್ಲಿಕೇಟ್ ಆರಿಸಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ.

ಪ್ರಶ್ನೆ: ನನಗೆ 58 ವರ್ಷ. ಶಿವಮೊಗ್ಗದಲ್ಲಿ ಮನೆಯಿಂದಲೇ ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಕನ್ನಡಕ ಹಾಕುತ್ತೇನೆ. ಮೂಲ ಒಂದು ಕಡೆ, ಅನುವಾದ ಒಂದು ಕಡೆ ಇರಲೆಂದು ಮಗಳು ಎರಡನೆಯ ಮಾನಿಟರ್ ಕೊಳ್ಳಲು ಹೇಳುತ್ತಿದ್ದಾಳೆ.

ಉತ್ತರ: ನಿಮ್ಮದೂ ತಾಳೆ ನೋಡುವ ಕೆಲಸವೇ. ಆದರೂ ನಿಮಗೆ ನಾನು ಒಂದೇ ಮಾನಿಟರ್ ಹೇಳುತ್ತೇನೆ, ಅದಕ್ಕೆ ಕಾರಣ ನಿಮ್ಮ ಕನ್ನಡಕ. ಪ್ರೊಗ್ರೆಸಿವ್ ಗಾಜಿನಲ್ಲಿ ಮಾನಿಟರಿನಷ್ಟು ದೂರದ ನೋಟ ಸ್ಪಷ್ಟವಾಗಿರುವುದು ನಡುವಿನ ಕಿರಿದಾದ ದಾರಿಯಲ್ಲಿ ಮಾತ್ರ, ಎರಡು ಪಕ್ಕಗಳಲ್ಲಿ ಮಸುಕಾಗುತ್ತದೆ. ಪಕ್ಕದ ಮಾನಿಟರನ್ನು ಓದಲು ಕಣ್ಣು ಹೊರಳಿಸಿದರೆ ಸಾಲದು, ಪ್ರತಿ ಸಾಲಿಗೂ ತಲೆಯನ್ನೇ ತಿರುಗಿಸಬೇಕು.

ನಿಮ್ಮ ಪುಟಗಳ ಅಳತೆಯೂ ಒಂದು ಮಾನಿಟರಿನ ಪರವಾಗಿದೆ. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಎತ್ತರ. 27 ಇಂಚಿನ ಪರದೆ ಸುಮಾರು 60 ಅಗಲ, 33.6 ಎತ್ತರ. ಎರಡು ಪುಟಗಳು ನಿಜವಾದ ಗಾತ್ರದಲ್ಲೇ ಅಕ್ಕಪಕ್ಕ ಕೂರುತ್ತವೆ, ಮೇಲಿನ ಪಟ್ಟಿಗಳಿಗೂ ನಾಲ್ಕು ಸೆಂಟಿಮೀಟರ್ ಉಳಿಯುತ್ತದೆ. 24 ಇಂಚಿನದು ಎತ್ತರದಲ್ಲಿ ಹೆಚ್ಚುಕಡಿಮೆ ಎ4 ಹಾಳೆಯಷ್ಟೇ ಇರುವುದರಿಂದ ಪುಟದ ತುದಿ ಕತ್ತರಿಸಿಹೋಗುತ್ತದೆ.

ಕನ್ನಡದ ಕರಡು ತಿದ್ದುವವರು ಗಾತ್ರಕ್ಕಿಂತ ಚುಕ್ಕೆಗಳ ದಟ್ಟಣೆಯ ಬಗ್ಗೆ ಹೆಚ್ಚು ಹಟ ಹಿಡಿಯಬೇಕು. ಪ ಮತ್ತು ಫ, ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ಒತ್ತಕ್ಷರಗಳು ಇನ್ನೂ ಚಿಕ್ಕವು. 27 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 82 ಚುಕ್ಕೆಗಳಿರುತ್ತವೆ. ಆ ಸೀಳು ಅಲ್ಲಿ ಒಂದೆರಡು ಚುಕ್ಕೆಗಳಲ್ಲಿ ಮುಗಿದುಹೋಗುತ್ತದೆ, ತಪ್ಪು ಕಣ್ಣಿಗೆ ಬೀಳದೆ ಅಚ್ಚಿಗೆ ಹೋಗುತ್ತದೆ. ಅದೇ ಅಳತೆಯ 4ಕೆ, ಅಂದರೆ 3840×2160ರ ಪರದೆಯಲ್ಲಿ ಇಂಚಿಗೆ 163. ವಿಂಡೋಸ್‌ನಲ್ಲಿ ಅಳತೆಯನ್ನು ಶೇ. 150ಕ್ಕೆ ಇಟ್ಟರೆ ಅಕ್ಷರ ಓದುವ ಗಾತ್ರಕ್ಕೆ ಬರುತ್ತದೆ, ಅಂಚು ಅಚ್ಚಾದ ಪುಟದಂತೆ ಚೂಪಾಗಿರುತ್ತದೆ. ಬೆಲೆ ಹೆಚ್ಚು, ನಿಜ. ಎರಡು ಸಾಧಾರಣ ಮಾನಿಟರಿನ ಹಣವನ್ನು ಈ ಒಂದಕ್ಕೇ ಹಾಕಿ. ಕಂಪ್ಯೂಟರ್ ಹಳೆಯದಾಗಿದ್ದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ: ಎಚ್‌ಡಿಎಂಐ 1.4 ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತದೆ, ಮೌಸ್ ಎಳೆದೆಳೆದು ಚಲಿಸಿದಂತಿರುತ್ತದೆ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇ ಪೋರ್ಟ್ 1.2, ಇಲ್ಲವೇ ಅವಕ್ಕಿಂತ ಹೊಸದು ಇರಬೇಕು.

ಮಾನಿಟರನ್ನು ಬೇರೆಯವರಿಗಿಂತ ತಗ್ಗಿಸಿ ಇಟ್ಟುಕೊಳ್ಳಿ. ಎತ್ತರದಲ್ಲಿದ್ದರೆ ಗಾಜಿನ ಕೆಳಭಾಗದಿಂದ ನೋಡಲು ಗದ್ದ ಮೇಲೆತ್ತುತ್ತೀರಿ, ಹಿಂಗತ್ತು ಸೆಳೆಯುತ್ತದೆ. ಮುಂದಿನ ಸಲ ಕಣ್ಣಿನ ವೈದ್ಯರ ಬಳಿ ಹೋದಾಗ ಮಾನಿಟರಿನ ದೂರವನ್ನು ಅಳೆದುಕೊಂಡು ಹೋಗಿ, ಅಷ್ಟು ದೂರಕ್ಕೇ ಸರಿಹೊಂದುವ ಪ್ರತ್ಯೇಕ ಕನ್ನಡಕ ಬರೆಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಬಳಿ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಇದೆ. ಎರಡು ಮಾನಿಟರ್ ಜೋಡಿಸಬಹುದೇ?

ಉತ್ತರ: ನೇರವಾಗಿ ಆಗುವುದಿಲ್ಲ. ಎಂ1 ಮತ್ತು ಎಂ2 ಏರ್‌ಗಳಿಗೆ ಹೊರಗಿನ ಮಾನಿಟರ್ ಒಂದೇ. ಎಂ3ಯಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಎರಡು ನಡೆಯುತ್ತವೆ, ಎಂ4ರಲ್ಲಿ ತೆರೆದಿದ್ದರೂ ಎರಡು. ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್ ಹಾಕಿ, ಅದರ ತಂತ್ರಾಂಶ ಅಳವಡಿಸಿದರೆ ನಿಮ್ಮದರಲ್ಲೂ ಎರಡನೆಯದು ಬರುತ್ತದೆ. ಕೋಡ್ ಓದಲು ಅದು ಸಾಕು, ವೇಗವಾಗಿ ಚಲಿಸುವ ವಿಡಿಯೊಗೆ ಹೇಳಿದ್ದಲ್ಲ. ನನ್ನ ಸಲಹೆ ಕೇಳಿದರೆ ಅಡಾಪ್ಟರಿನ ಹಣ ಉಳಿಸಿ. 27 ಇಂಚಿನ ಒಳ್ಳೆಯ ಮಾನಿಟರ್ ಒಂದನ್ನು ಎದುರಿಗಿಟ್ಟುಕೊಂಡು ಕೋಡ್ ಅಲ್ಲಿ ಬರೆಯಿರಿ, ಲಾಗ್ ಮತ್ತು ಚಾಟ್ ಲ್ಯಾಪ್‌ಟಾಪಿನ ಪರದೆಯಲ್ಲಿರಲಿ. ಎರಡನ್ನೂ ಸಮನಾಗಿ ನೋಡುವ ಕೆಲಸ ನಿಮ್ಮದಲ್ಲ.